ಮನೆಯ ತೂಕದ ಮಷೀನ್ ನಿಜ ಹೇಳುತ್ತಾ?

ಪ್ರಶ್ನೆ: ನಮ್ಮ ಮಾವನವರಿಗೆ ಹಾರ್ಟ್ ಫೇಲ್ಯೂರ್ ತೊಂದರೆ, ಅಂದರೆ ಹೃದಯ ರಕ್ತವನ್ನು ಸರಿಯಾಗಿ ಪಂಪ್ ಮಾಡುವುದಿಲ್ಲ. ದಿನಾ ತೂಕ ನೋಡಿ ಬರೆದಿಡಿ ಎಂದು ಡಾಕ್ಟರು ಹೇಳಿದ್ದಾರೆ. ಮೊನ್ನೆ ಬೆಳಗ್ಗೆ ಮನೆಯ ಡಿಜಿಟಲ್ ಮಷೀನ್‌ನಲ್ಲಿ 68.4 ಕೆಜಿ ಇತ್ತು, ಅದೇ ದಿನ ಆಸ್ಪತ್ರೆಯಲ್ಲಿ 69.9 ಬಂತು. ಯಾವುದನ್ನು ನಂಬೋದು? ಹೊಸದು ತಗೊಳ್ಳಬೇಕಾ?
– ಓದುಗರು, ದಾವಣಗೆರೆ

ಉತ್ತರ: ಆಸ್ಪತ್ರೆಗೆ ಹೋಗಿದ್ದು ತಿಂಡಿ, ಕಾಫಿ ಆದ ಮೇಲೆ, ಅಲ್ವಾ? ಮೈಮೇಲೆ ಪ್ಯಾಂಟು ಶರ್ಟು, ಜೇಬಿನಲ್ಲಿ ಮೊಬೈಲು, ಬೀಗದ ಕೈ. ಒಂದೂವರೆ ಕೆಜಿ ಅಷ್ಟರಲ್ಲೇ ಬಂದುಬಿಡುತ್ತದೆ. ಒಂದು ಲೀಟರ್ ನೀರು ಕುಡಿದರೆ ಆ ಕ್ಷಣಕ್ಕೆ ಒಂದು ಕೆಜಿ ಏರಿದಂತೆಯೇ ಲೆಕ್ಕ. ಇದೊಂದನ್ನೇ ಹಿಡಿದು ಮಷೀನನ್ನು ಮೂಲೆಗೆ ತಳ್ಳಬೇಡಿ.

ಡಾಕ್ಟರಿಗೆ ಬೇಕಿರುವುದು ನಿನ್ನೆಗೂ ಇವತ್ತಿಗೂ ಎಷ್ಟು ವ್ಯತ್ಯಾಸ ಎಂಬುದು. ಈ ತೊಂದರೆ ಇರುವವರ ಮೈಯಲ್ಲಿ ನೀರು ನಿಲ್ಲತೊಡಗಿದರೆ, ಕಾಲು ಊದುವ ಮೊದಲೇ ತೂಕದಲ್ಲಿ ಗೊತ್ತಾಗಬಹುದು. ಎರಡು ಮೂರು ದಿನದಲ್ಲಿ 2 ಕೆಜಿ ಏರಿದರೆ ತಡಮಾಡದೆ ಡಾಕ್ಟರಿಗೆ ತಿಳಿಸಬೇಕು. ನಿಮ್ಮ ಡಾಕ್ಟರು ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಮಷೀನ್ ಅರ್ಧ ಕೆಜಿ ಕಮ್ಮಿ ತೋರಿಸಿದರೂ ಪರವಾಗಿಲ್ಲ, ದಿನಾ ಅದೇ ಅರ್ಧ ಕೆಜಿ ಕಮ್ಮಿ ತೋರಿಸಬೇಕು ಅಷ್ಟೇ.

ಅದನ್ನು ಪರೀಕ್ಷಿಸುವಾಗಲೇ ಜನ ಮೋಸ ಹೋಗುವುದು. ಹತ್ತಿ, ಇಳಿದು, ಮತ್ತೆ ಹತ್ತುತ್ತಾರೆ. ಎರಡು ಸಲವೂ 68.4. ಎಂಥಾ ಕರಾರುವಾಕ್ಕು ಎಂದು ಖುಷಿ! ಆದರೆ ಎಷ್ಟೋ ಡಿಜಿಟಲ್ ಮಷೀನ್‌ಗಳು ಹಿಂದಿನ ತೂಕವನ್ನು ನೆನಪಿಟ್ಟುಕೊಂಡಿರುತ್ತವೆ. ಹೊಸ ತೂಕ ಅದರ ಆಸುಪಾಸಿನಲ್ಲಿದ್ದರೆ ಹಳೆಯ ಅಂಕಿಯನ್ನೇ ಮತ್ತೆ ತೋರಿಸಿ ಸುಮ್ಮನಾಗುತ್ತವೆ. ನಿಮ್ಮದೂ ಹಾಗೆಯೇ ಇದೆಯಾ ನೋಡಿ. ತೂಕ ನೋಡಿಕೊಂಡು, ಒಂದು ದೊಡ್ಡ ಲೋಟ ನೀರು ಕುಡಿದು ಮತ್ತೆ ಹತ್ತಿ. ನೀವೇ ಕುಡಿಯಿರಿ, ಮಾವನವರಿಗೆ ದಿನಕ್ಕೆ ಇಷ್ಟೇ ನೀರು ಎಂಬ ಲೆಕ್ಕ ಇದ್ದೀತು. ಇನ್ನೂರು ಗ್ರಾಂ ಆದರೂ ಏರಬೇಕು. ಅಂಕಿ ಕದಲಲಿಲ್ಲ ಅಂದರೆ ಅದು ನೆನಪಿನ ಆಟ. ನಿಮ್ಮ ಮಟ್ಟಿಗೆ ಇದು ಅಪಾಯ. ದಿನಕ್ಕೆ ಇನ್ನೂರು ಗ್ರಾಂ ಏರುತ್ತಿದ್ದರೂ ಒಂದೆರಡು ದಿನ ಅಂಕಿಯಲ್ಲಿ ಕಾಣದೇ ಹೋಗಬಹುದು. ಉಪಾಯ ಸುಲಭ. ದಿನಾ ಮಾವನವರಿಗಿಂತ ಮೊದಲು ಮನೆಯ ಮಕ್ಕಳಲ್ಲಿ ಒಬ್ಬರನ್ನು ಹತ್ತಿಸಿ ಇಳಿಸಿ. ಹಳೆಯ ನೆನಪು ಅಳಿಸಿಹೋಗುತ್ತದೆ.

ಇನ್ನು ಜಾಗ. ಹೆಸರೇನೋ ಬಾತ್‌ರೂಮ್ ಸ್ಕೇಲ್, ಆದರೆ ನಮ್ಮ ಬಚ್ಚಲಿಗೂ ಅದಕ್ಕೂ ಆಗಿಬರುವುದಿಲ್ಲ. ನೀರು ಹರಿದುಹೋಗಲಿ ಎಂದು ನಮ್ಮ ಬಚ್ಚಲಿನ ನೆಲ ಇಳಿಜಾರಾಗಿರುತ್ತದೆ. ಮಷೀನ್‌ನ ನಾಲ್ಕು ಕಾಲುಗಳಲ್ಲೂ ಒಂದೊಂದು ಲೋಡ್ ಸೆಲ್ ಇದೆ. ಭಾರ ಬಿದ್ದಾಗ ಅದರೊಳಗಿನ ಲೋಹ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಅದರಿಂದ ವಿದ್ಯುತ್ ಹರಿವು ಚೂರು ಬದಲಾಗುತ್ತದೆ, ಆ ಬದಲಾವಣೆಯೇ ಅಂಕಿಯಾಗುತ್ತದೆ. ನಾಲ್ಕೂ ಕಾಲು ಸರಿಯಾಗಿ ಊರದಿದ್ದರೆ ಲೆಕ್ಕ ತಪ್ಪುತ್ತದೆ. ಕಾರ್ಪೆಟ್ ಮೇಲೂ ಇದೇ ಕಥೆ. ಹಾಲ್‌ನಲ್ಲೋ ರೂಮಿನಲ್ಲೋ ಸಮವಾದ, ಒಣಗಿದ ಟೈಲ್ಸ್ ಮೇಲೆ ಒಂದು ಜಾಗ ಗೊತ್ತುಮಾಡಿ ಅಲ್ಲೇ ಬಿಡಿ. ಕಸ ಗುಡಿಸುವಾಗ ಎತ್ತಿ ಗೋಡೆಗೆ ಒರಗಿಸಿದ್ದರೆ, ವಾಪಸ್ ಇಟ್ಟ ಮೇಲೆ ಒಮ್ಮೆ ಕಾಲಿನಿಂದ ಒತ್ತಿ ಬಿಡಿ. ಸೊನ್ನೆ ಬಂದ ಮೇಲೆ ಹತ್ತಲಿ.

ವಯಸ್ಸಾದವರು ಹತ್ತುವಾಗ ಗೋಡೆ ಹಿಡಿಯುತ್ತಾರೆ. ಹಿಡಿದು ಹತ್ತಲಿ, ಬೀಳುವುದಕ್ಕಿಂತ ಅದು ಮೇಲು. ಆದರೆ ಅಂಕಿ ನಿಲ್ಲುವ ಹೊತ್ತಿಗೆ ಕೈ ಬಿಟ್ಟಿರಬೇಕು. ಗೋಡೆಗೆ ಕೊಟ್ಟ ಭಾರ ಮಷೀನ್‌ಗೆ ಸಿಗುವುದಿಲ್ಲ, ಒಂದೆರಡು ಕೆಜಿ ಹಾಗೇ ಮಾಯವಾಗುತ್ತದೆ. ಅಂಕಿ ನೋಡಲು ಬಗ್ಗುವುದೂ ಬೇಡ, ಓದುವುದು ನಿಮ್ಮ ಕೆಲಸ. ಬೆಳಗ್ಗೆ ಎದ್ದು ಮೂತ್ರಕ್ಕೆ ಹೋಗಿಬಂದ ಮೇಲೆ, ತಿಂಡಿಗೆ ಮುಂಚೆ, ಅದೇ ಲುಂಗಿ ಬನಿಯನ್ನಿನಲ್ಲಿ ನೋಡಿ.

ಅಷ್ಟಕ್ಕೂ ಮಷೀನ್ ಎಷ್ಟು ನಿಜ ಎಂಬ ಕುತೂಹಲ ಇದ್ದರೆ ಕಿರಾಣಿ ಅಂಗಡಿ ಇದೆಯಲ್ಲ. ವ್ಯಾಪಾರದ ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಬೀಳಲೇಬೇಕು, ಮನೆಯ ಮಷೀನ್‌ಗೆ ಆ ತಪಾಸಣೆ ಇಲ್ಲ. ಅಲ್ಲಿ ಹತ್ತು ಕೆಜಿ ಸಾಮಾನನ್ನು ಚೀಲದ ಸಮೇತ ತೂಗಿಸಿ ತನ್ನಿ. ಮೊದಲು ನೀವೊಬ್ಬರೇ ಹತ್ತಿ, ಆಮೇಲೆ ಚೀಲ ಹಿಡಿದು ಹತ್ತಿ. ವ್ಯತ್ಯಾಸ ಹತ್ತು ಕೆಜಿ ಬರಬೇಕು. ಬೆನ್ನು ಗಟ್ಟಿ ಇದ್ದವರು ಅಕ್ಕಿ ಮೂಟೆಯಲ್ಲೂ ನೋಡಬಹುದು. ಆದರೆ ಮೂಟೆ ಮೇಲೆ ಬರೆದಿರುವುದನ್ನು ಓದಿಕೊಳ್ಳಿ. 2022ರ ಜುಲೈಯಲ್ಲಿ 25 ಕೆಜಿವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ ಜಿಎಸ್‌ಟಿ ಬಂದಾಗಿನಿಂದ 26 ಕೆಜಿ ಮೂಟೆಗಳು ಬರುತ್ತಿವೆ. 25 ಅಂದುಕೊಂಡು ತೂಗಿ, ಮಷೀನ್ ಒಂದು ಕೆಜಿ ಜಾಸ್ತಿ ತೋರಿಸುತ್ತದೆ ಎಂದು ಬೈದವರಿದ್ದಾರೆ!

ಇಷ್ಟಾದರೂ ಅಂಕಿ ಕುಣಿಯುತ್ತಿದ್ದರೆ ಮೊದಲು ಬ್ಯಾಟರಿ ಬದಲಿಸಿ. ಆಮೇಲೂ ಸರಿಹೋಗದಿದ್ದರೆ ಹೊಸದು ತನ್ನಿ. ಅಗಲವಾದ, ನೆಲಕ್ಕೆ ತಗ್ಗಾದ, ಜಾರದ, ದೊಡ್ಡ ಅಂಕಿಯ ಮಷೀನ್ ಮಾವನವರಿಗೆ ಅನುಕೂಲ. 100 ಗ್ರಾಂ ಲೆಕ್ಕದ್ದು ಧಾರಾಳವಾಯಿತು. 50 ಗ್ರಾಂ ತೋರಿಸುತ್ತದೆ ಎಂದ ಮಾತ್ರಕ್ಕೆ ಅಷ್ಟು ನಿಖರ ಎಂದೇನಲ್ಲ. ಅಂಗಡಿಯಲ್ಲೇ ಬ್ಯಾಗ್ ಹಿಡಿದು ಒಮ್ಮೆ, ಬಿಟ್ಟು ಒಮ್ಮೆ, ಹೀಗೆ ಮೂರ್ನಾಲ್ಕು ಸಲ ಹತ್ತಿ ನೋಡಿ. ಅಂಗಡಿಯವರು ಏನಂದುಕೊಳ್ಳುತ್ತಾರೋ ಎಂಬ ಸಂಕೋಚ ಬೇಡ.

ಪ್ರಶ್ನೆ: ಕೊಬ್ಬು, ಸ್ನಾಯು, ನೀರು ಎಲ್ಲ ಮೊಬೈಲ್‌ನಲ್ಲಿ ತೋರಿಸುವ ಸ್ಮಾರ್ಟ್ ಮಷೀನ್ ಬಂದಿದೆಯಲ್ಲ, ತಗೊಳ್ಳಬಹುದಾ?
– ಓದುಗರು, ಮೈಸೂರು

ಉತ್ತರ: ಅದು ತೂಗುವುದು ತೂಕವನ್ನು ಮಾತ್ರ. ಉಳಿದದ್ದು ಅಂದಾಜು. ಒಂದು ಪಾದದಿಂದ ಇನ್ನೊಂದಕ್ಕೆ ತೀರಾ ಸಣ್ಣ ವಿದ್ಯುತ್ ಹರಿಸಿ, ಎಷ್ಟು ಅಡ್ಡಿಯಾಯಿತು ಎಂದು ನೋಡುತ್ತದೆ. ಕೊಬ್ಬಿಗಿಂತ ನೀರು ತುಂಬಿದ ಸ್ನಾಯುವಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಅದಕ್ಕೆ ನಿಮ್ಮ ಎತ್ತರ, ವಯಸ್ಸು ಸೇರಿಸಿ ಒಂದು ಸೂತ್ರ ಹಾಕುತ್ತದೆ. ಜಿಮ್‌ನಲ್ಲಿ ಬೆವರಿ ಬಂದಾಗ ಒಂದು ಅಂಕಿ, ನೀರು ಕುಡಿದ ಮೇಲೆ ಇನ್ನೊಂದು. ತಿಂಗಳುಗಟ್ಟಲೆ ಒಂದೇ ಹೊತ್ತಿಗೆ ನೋಡಿದರೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬ ಅಂದಾಜು ಸಿಕ್ಕೀತು. ಪೇಸ್‌ಮೇಕರ್ ಹಾಕಿಸಿಕೊಂಡವರು ಮಾತ್ರ ಇದನ್ನು ಹತ್ತಲೇಬಾರದು. ಮೇಲಿನ ಪ್ರಶ್ನೆ ಕೇಳಿದ ದಾವಣಗೆರೆಯವರೂ ಗಮನಿಸಿ, ನಿಮಗೆ ಸಾದಾ ಮಷೀನೇ ಸಾಕು.

ಪ್ರಶ್ನೆ: ಮಗುವಿಗೆ ಒಂದು ತಿಂಗಳು. ಎತ್ತಿಕೊಂಡು ತೂಕ ನೋಡಿ, ನನ್ನ ತೂಕ ಕಳೆದರೆ ಆಗುತ್ತಾ?
– ಓದುಗರು, ಹಾಸನ

ಉತ್ತರ: ಎರಡು ವರ್ಷದ ಮಗುವಾದರೆ ಆಗುತ್ತದೆ. ಆದರೆ ಒಂದು ತಿಂಗಳ ಮಗು ದಿನಕ್ಕೆ 20ರಿಂದ 30 ಗ್ರಾಂ ಏರುವುದು. ನಿಮ್ಮ ಮಷೀನ್ ಎಣಿಸುವುದು 100ರ ಲೆಕ್ಕದಲ್ಲಿ, ಅದರಲ್ಲೂ ಎರಡು ಸಲ ತೂಗುವಾಗ ಎರಡು ಸಲವೂ ತಪ್ಪಬಹುದು. ಮಗು ಚೆನ್ನಾಗಿ ಹಾಲು ಕುಡಿದು ಬೆಳೆಯುತ್ತಿದ್ದರೂ ತೂಕ ಏರಿಲ್ಲ ಎಂದು ಸುಮ್ನೆ ಗಾಬರಿಯಾಗುತ್ತೀರಿ. ಅಂಗನವಾಡಿಯಲ್ಲಿ ಮಕ್ಕಳ ತೂಕದ ಯಂತ್ರ ಇರುತ್ತದೆ, ಅಲ್ಲಿಗೆ ಕರೆದುಕೊಂಡು ಹೋಗಿ.