ಲೈಡನ್‌ಗೆ ಹೊರಟ ಪೆರ್ಲದ ತಮ್ಮನಿಗೆ: ಮೊದಲು ವಕೀಲಿಕೆಯ ಸನ್ನದು ಮಾಡಿಸಿಕೋ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಮಂಗಳೂರಿನಲ್ಲಿ ಎಲ್‌ಎಲ್‌ಬಿ ಮುಗಿಸಿದ್ದೀಯ, ನೆದರ್‌ಲ್ಯಾಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದಲ್ಲಿ ಯುರೋಪಿಯನ್ ಕಾನೂನಿನ ಎಲ್‌ಎಲ್‌ಎಂಗೆ ಸೀಟು ಸಿಕ್ಕಿದೆ. "ಅಕ್ಕಾ, ಓದಿದ ಮೇಲೆ ಎಂಥ ಕೆಲಸ ಸಿಗುತ್ತದೆ? ಹೇಗ್‌ನ ಅಂತಾರಾಷ್ಟ್ರೀಯ ಕೋರ್ಟಿನಲ್ಲಿ ವಕೀಲ ಆಗಬಹುದಾ? ರೂಮು, ಊಟ, ಚಳಿ ಹೇಗೆ?" ಅಂತ ಕೇಳಿದ್ದೀಯ. ಕಾಸರಗೋಡಿನ ಪೆರ್ಲದ ಹುಡುಗ ಕೇಳಿದ ಮೇಲೆ, ಇಲ್ಲೇ ನೆಲೆಸಿರುವ ಅದೇ ಕಡೆಯ ಬದಿಯಡ್ಕದವಳು ಸುಮ್ನೆ ಇರಲಿಕ್ಕೆ ಆಗುವುದಿಲ್ಲ.

ಊಟ, ಚಳಿ ಬೇಗ ಮುಗಿಸುತ್ತೇನೆ. ಚಳಿಗಿಂತ ಗಾಳಿ ಜಾಸ್ತಿ, ಜಾಕೆಟ್ ಇಲ್ಲಿ ಬಂದೇ ತಗೋ. ಕುಚ್ಚಲಕ್ಕಿ ಇಲ್ಲಿ ಸಿಗುತ್ತದೆ, ಹಲಸಿನ ಹಪ್ಪಳ ಮಾತ್ರ ಅಮ್ಮ ಕೊಟ್ಟಷ್ಟೂ ತಾ. ರೂಮು ತುಂಬಾ ಕಷ್ಟ. ವಿಶ್ವವಿದ್ಯಾಲಯದ ಮೂಲಕವೇ ಹುಡುಕು, ಗುರುತಿಲ್ಲದವರಿಗೆ ಮುಂಗಡ ಕಳಿಸಬೇಡ.

ಇನ್ನು ಕೋರ್ಟು. ಹೇಗ್‌ನ ಪೀಸ್ ಪ್ಯಾಲೇಸ್ ಕಟ್ಟಡದಲ್ಲಿರುವ ಅಂತಾರಾಷ್ಟ್ರೀಯ ನ್ಯಾಯಾಲಯ, ಅಂದರೆ ಐಸಿಜೆಯಲ್ಲಿ ಕಕ್ಷಿದಾರರು ದೇಶಗಳು ಮಾತ್ರ. ಅವು ವಾದಕ್ಕೆ ನಿಲ್ಲಿಸುವುದು ಹೆಸರು ಮಾಡಿದ ಪ್ರೊಫೆಸರುಗಳನ್ನು, ಹಿರಿಯ ವಕೀಲರನ್ನು. ಯುದ್ಧಾಪರಾಧಗಳ ಕೋರ್ಟು ಐಸಿಸಿ ಬೇರೆ. ಅಲ್ಲಿನ ವಕೀಲರ ಪಟ್ಟಿಗೆ ಸೇರಲು ಕನಿಷ್ಠ 10 ವರ್ಷದ ಅನುಭವ ಬೇಕು. ಭಾರತ ಆ ಕೋರ್ಟನ್ನು ಹುಟ್ಟುಹಾಕಿದ ರೋಮ್ ಒಪ್ಪಂದಕ್ಕೆ ಸಹಿಯನ್ನೇ ಹಾಕಿಲ್ಲ. ಹುಡುಗರಿಗೆ ಸಿಗುವುದು ಇಂಟರ್ನ್‌ಶಿಪ್, ಅದರಲ್ಲೂ ಬಹಳಷ್ಟಕ್ಕೆ ಸಂಬಳ ಇಲ್ಲ. ಐಸಿಜೆಯಲ್ಲಿ ಒಂದು ಫೆಲೋಶಿಪ್ ಇದೆ. ಅದಕ್ಕೆ ವಿಶ್ವವಿದ್ಯಾಲಯವೇ ಹೆಸರು ಕಳಿಸಬೇಕು, ಅಭಿವೃದ್ಧಿಶೀಲ ದೇಶಗಳ ವಿಶ್ವವಿದ್ಯಾಲಯಗಳಿಂದ ಬರುವವರ ಖರ್ಚಿಗೆ ಒಂದು ನಿಧಿಯೂ ಇದೆ. ಮಂಗಳೂರಿನ ನಿನ್ನ ಮೇಷ್ಟ್ರ ಹತ್ತಿರ ಈಗಲೇ ಮಾತಾಡು. ಆ ಕಟ್ಟಡದ ಎದುರು ಹೋದಾಗಲೆಲ್ಲ ನನಗೆ ಬೆನಗಲ್ ನರಸಿಂಗ ರಾಯರ ನೆನಪಾಗುತ್ತದೆ. ದಕ್ಷಿಣ ಕನ್ನಡದವರು, ಸಂವಿಧಾನ ಸಭೆಯ ಸಲಹೆಗಾರರಾಗಿದ್ದವರು, 1952ರಲ್ಲಿ ಇದೇ ಕೋರ್ಟಿನ ನ್ಯಾಯಾಧೀಶರಾದರು. ಆಗ ಕಾಸರಗೋಡು ಇನ್ನೂ ದಕ್ಷಿಣ ಕನ್ನಡದಲ್ಲೇ ಇತ್ತು, ಹಾಗಾಗಿ ಅವರು ನಮ್ಮ ಜಿಲ್ಲೆಯವರು ಅಂತಲೇ ನಾನು ಎಲ್ಲರಿಗೂ ಹೇಳುತ್ತೇನೆ.

ಯುರೋಪಿಯನ್ ಯೂನಿಯನ್‌ನ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್, ಲಕ್ಸೆಂಬರ್ಗ್‌ನ ಯುರೋಪಿಯನ್ ಕೋರ್ಟು, ಇಲ್ಲೆಲ್ಲ ಕಾಯಂ ಕೆಲಸಕ್ಕೆ ಸಾಮಾನ್ಯವಾಗಿ ಯೂನಿಯನ್‌ನ ಯಾವುದಾದರೂ ದೇಶದ ಪೌರತ್ವ ಬೇಕು. ಲಕ್ಸೆಂಬರ್ಗ್ ಕೋರ್ಟಿನ ಒಳಗಿನ ಕೆಲಸ ನಡೆಯುವುದೂ ಫ್ರೆಂಚಿನಲ್ಲಿ. ಕಮಿಷನ್‌ನ ಬ್ಲೂ ಬುಕ್ ತರಬೇತಿ 5 ತಿಂಗಳದ್ದು, ಸ್ಟೈಪೆಂಡ್ ಕೊಡುತ್ತಾರೆ, ಹೊರದೇಶದವರನ್ನೂ ಸ್ವಲ್ಪ ಮಂದಿ ತಗೊಳ್ಳುತ್ತಾರೆ. ಅರ್ಜಿ ಹಾಕು, ಅದನ್ನೇ ನಂಬಿ ಕೂರಬೇಡ.

ನಾನು ಹೊರಡುವಾಗ ಯಾರೂ ಹೇಳದ ಮಾತು ಒಂದಿದೆ. ಇಲ್ಲಿಯ ಎಲ್‌ಎಲ್‌ಎಂ ಓದಿದ ಮಾತ್ರಕ್ಕೆ ಇಲ್ಲಿಯ ವಕೀಲ ಆಗುವುದಿಲ್ಲ. ಬಂದ ವರ್ಷ ಒಂದು ಉದ್ಯೋಗ ಮೇಳಕ್ಕೆ ಹೋಗಿದ್ದೆ, ಅಪ್ಪ ಕಾಸರಗೋಡಿನಲ್ಲಿ ಹೊಲಿಸಿ ಕೊಟ್ಟ ಕರಿಕೋಟು ಹಾಕಿಕೊಂಡು. ಒಂದು ವಕೀಲರ ಸಂಸ್ಥೆಯ ಮೇಜಿನ ಹಿಂದೆ ಕೂತಿದ್ದ ಹೆಂಗಸು ನನ್ನ ಬಯೋಡೇಟಾ ಪೂರ್ತಿ ಓದಿದರು, ಅಂಕಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದರು, ಆಮೇಲೆ ತಲೆ ಎತ್ತಿ "ಸಿವಿಯಲ್ ಎಫೆಕ್ಟ್ ಇದೆಯಾ?" ಅಂತ ಕೇಳಿದರು. ಡಚ್ ಕಾನೂನನ್ನು ಡಚ್ಚಿನಲ್ಲಿ ಓದಿದವರಿಗೆ ಪದವಿಯ ಜೊತೆ ಬರುವ ಅರ್ಹತೆ ಅದು. ಅದಿಲ್ಲದೆ ಅಡ್ವೊಕೇಟ್ ಆಗಲು ನೇರ ದಾರಿ ಇಲ್ಲ, ನಮ್ಮಂಥವರು ಇಂಗ್ಲಿಷಿನಲ್ಲಿ ಓದುವ ಎಲ್‌ಎಲ್‌ಎಂನಿಂದ ಅದು ಸಿಗುವುದೂ ಇಲ್ಲ. ಇಲ್ಲ ಅಂದೆ. ಕಾಗದ ಮರ್ಯಾದೆಯಿಂದಲೇ ವಾಪಸ್ ಕೊಟ್ಟರು. ಜರ್ಮನಿಯಲ್ಲಾದರೆ ಎರಡು ಸರ್ಕಾರಿ ಪರೀಕ್ಷೆ, ನಡುವೆ 2 ವರ್ಷದ ತರಬೇತಿ, ಎಲ್ಲ ಜರ್ಮನ್ ಭಾಷೆಯಲ್ಲಿ.

ನಮ್ಮ ಅಪ್ಪ ಜಾಗದ ವ್ಯಾಜ್ಯಕ್ಕಾಗಿ ಕೈಚೀಲ ಹಿಡಿದು ಕೋರ್ಟಿನ ಜಗಲಿಯಲ್ಲಿ ಕಾದು ಕಾದು ಮುದುಕರಾದವರು. ಕನ್ನಡದ ಹಳೆ ಪತ್ರ, ಮಲಯಾಳದ ನೋಟೀಸು, ಇಂಗ್ಲಿಷಿನ ತೀರ್ಪು, ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಮಗಳು ಎದ್ದು ನಿಂತು ವಾದಿಸುವುದನ್ನು ನೋಡಬೇಕು ಅಂತ ಅಡಿಕೆ ಮಾರಿ ಓದಿಸಿದರು. ಅವರು ಹೋದರು. ನಾನು ಇವತ್ತಿಗೂ ಯಾವ ನ್ಯಾಯಾಧೀಶರ ಎದುರೂ ಒಂದು ಮಾತು ಆಡಿಲ್ಲ. ಸಂಬಳ ಇದೆ, ಸ್ವಂತ ಮನೆ ಇದೆ, ಮಕ್ಕಳು ಚೆನ್ನಾಗಿ ಓದುತ್ತಿದ್ದಾರೆ, ಆದರೂ ಈ ಕೊರತೆ ಹೋಗುವುದಿಲ್ಲ.

ಹಾಗಂತ ಕೆಲಸವೇ ಇಲ್ಲ ಅಂತ ತಿಳಿಯಬೇಡ. ಓದು ಮುಗಿದ ಮೇಲೆ ಕೆಲಸ ಹುಡುಕಲು ಒಂದು ವರ್ಷದ ಪರವಾನಗಿ ಸಿಗುತ್ತದೆ, ಝೂಕ್‌ಯಾರ್ ಅಂತಾರೆ. ಬ್ಯಾಂಕುಗಳಲ್ಲಿ ನಿಯಮ ಪಾಲನೆ ನೋಡಿಕೊಳ್ಳುವ ಕಂಪ್ಲಯನ್ಸ್ ವಿಭಾಗ, ಕಂಪನಿಗಳ ಕರಾರು ಕೆಲಸ, ಬ್ರಸೆಲ್ಸ್‌ನಲ್ಲಿ ಕಂಪನಿಗಳ ನಡುವಿನ ಸ್ಪರ್ಧೆಯ ಕಾನೂನು, ವ್ಯಾಪಾರ ನಿರ್ಬಂಧಗಳ ಕೆಲಸ, ಇವೆಲ್ಲ ಇಂಗ್ಲಿಷಿನಲ್ಲೂ ನಡೆಯುತ್ತವೆ. ನನ್ನದು ಡೇಟಾ ರಕ್ಷಣೆ. 2018ರ ಮೇ 25ರಿಂದ ಜಾರಿಗೆ ಬಂದ ಯೂನಿಯನ್‌ನ ಡೇಟಾ ರಕ್ಷಣಾ ಕಾನೂನು ಜಿಡಿಪಿಆರ್ ಎಷ್ಟೋ ಜನರಿಗೆ ಅನ್ನ ಕೊಟ್ಟಿದೆ. ಶುಕ್ರವಾರ ಸಂಜೆ ಯಾರೋ ಗ್ರಾಹಕರ ಪಟ್ಟಿಯನ್ನು ತಪ್ಪು ವಿಳಾಸಕ್ಕೆ ಮೇಲ್ ಮಾಡುತ್ತಾರೆ. ಗೊತ್ತಾದ ಹೊತ್ತಿನಿಂದ 72 ಗಂಟೆಯೊಳಗೆ ಡೇಟಾ ರಕ್ಷಣಾ ಪ್ರಾಧಿಕಾರಕ್ಕೆ ತಿಳಿಸಬೇಕು, ಶನಿವಾರ ಭಾನುವಾರವೂ ಲೆಕ್ಕಕ್ಕೆ ಸೇರುತ್ತದೆ. ದೊಡ್ಡ ತಪ್ಪಿಗೆ ದಂಡ 2 ಕೋಟಿ ಯೂರೋ ಅಥವಾ ಜಾಗತಿಕ ವಹಿವಾಟಿನ ಶೇ 4ರವರೆಗೆ, ಯಾವುದು ಜಾಸ್ತಿಯೋ ಅದು. ಆ ಎರಡು ದಿನ ಇಡೀ ಆಫೀಸು ನನ್ನ ಮಾತು ಕೇಳುತ್ತದೆ. ಒಳ್ಳೆಯ ಕೆಲಸ ಇದು, ಮನಸ್ಸಿಟ್ಟು ಮಾಡುತ್ತೇನೆ.

ನೀನು ಪೆರ್ಲದವನಾದ್ದರಿಂದ ಇನ್ನೊಂದು ದಾರಿಯನ್ನೂ ಹೇಳುತ್ತೇನೆ. ನಿಮ್ಮ ಎಣ್ಮಕಜೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಕೀಟನಾಶಕ ಎಂಡೋಸಲ್ಫಾನ್ 2011ರ ಏಪ್ರಿಲ್‌ನಲ್ಲಿ ಜಿನೀವಾದ ಸಭೆಯಲ್ಲಿ, ವಿಷಕಾರಿ ರಾಸಾಯನಿಕಗಳ ಕುರಿತ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಸೇರಿತು, ಕೆಲವು ವಿನಾಯಿತಿಗಳೊಡನೆ. ಮರು ತಿಂಗಳೇ ನಮ್ಮ ಸುಪ್ರೀಂ ಕೋರ್ಟ್ ಅದನ್ನು ತಡೆಯಿತು. ಪರಿಸರ ಕಾನೂನು ತಗೊಂಡರೆ ಅಂಥ ಒಪ್ಪಂದಗಳ ಕಚೇರಿಗಳಲ್ಲಿ, ಅಲ್ಲಿ ಓಡಾಡುವ ಸಂಘಟನೆಗಳಲ್ಲಿ ಕೆಲಸ ಇದೆ. ಹುದ್ದೆ ಕಮ್ಮಿ, ಪೈಪೋಟಿ ಜಾಸ್ತಿ. ಆದರೆ ಆ ಕೋಣೆಯಲ್ಲಿ ನಮ್ಮ ಕಡೆಯ ಒಬ್ಬ ಇರಬೇಕು ಅಂತ ನನಗೆ ತುಂಬಾ ಆಸೆ.

ಡಚ್ ಮೊದಲ ವಾರದಿಂದಲೇ ಕಲಿ. ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಸಂತೆಯಲ್ಲಿ ತುಳು ಆಡಿ ಬೆಳೆದವರಿಗೆ ಇನ್ನೊಂದು ಭಾಷೆಯ ಹೆದರಿಕೆ ಯಾಕೆ, ಅಲ್ವಾ?

ಹೊರಡುವ ಮೊದಲು ಬಾರ್ ಕೌನ್ಸಿಲ್‌ನಲ್ಲಿ ಎನ್‌ರೋಲ್ ಆಗು, ಹೊಸ ವಕೀಲರ ಅಖಿಲ ಭಾರತ ಪರೀಕ್ಷೆ ಎಐಬಿಇಯನ್ನೂ ಮುಗಿಸು. ಸಾಧ್ಯವಾದರೆ ಒಂದೆರಡು ವರ್ಷ ಕಾಸರಗೋಡಿನಲ್ಲೋ ಮಂಗಳೂರಿನಲ್ಲೋ ಒಬ್ಬ ಸೀನಿಯರ್ ಕೈಕೆಳಗೆ ನಿಂತು ನಾಲ್ಕು ಕೇಸು ನಡೆಸು. ಇಂಗ್ಲೆಂಡಿನಲ್ಲಿ ಸಾಲಿಸಿಟರ್ ಆಗಲು ಬರೆಯುವ ಎಸ್‌ಕ್ಯೂಇ ಪರೀಕ್ಷೆಯಲ್ಲೂ ಬೇರೆ ದೇಶದಲ್ಲಿ ಆಗಲೇ ವಕೀಲರಾದವರಿಗೆ 2 ವರ್ಷದ ಕೆಲಸದ ಷರತ್ತು ಇಲ್ಲ. ಇಲ್ಲಿ ಸಂಬಳದ ಕೆಲಸಕ್ಕೆ ಸೇರಿದರೆ ಬಾರ್ ಕೌನ್ಸಿಲ್‌ಗೆ ತಿಳಿಸಿ ಸನ್ನದು ಅಮಾನತಿನಲ್ಲಿ ಇಡಿಸಬೇಕು, ಅದು ಮರೆಯಬೇಡ. ಸೀಟನ್ನು ಒಂದು ವರ್ಷ ಮುಂದೂಡಲು ಆಗುತ್ತದಾ ಅಂತ ಲೈಡನ್‌ನವರಿಗೆ ಇವತ್ತೇ ಬರೆದು ಕೇಳು.