ಎಂಬತ್ತೆರಡಕ್ಕೆ ಮತ್ತೆ ಮೈಕ್ ಹಿಡಿದ ನರ್ಸಮ್ಮ

ಪ್ರಶ್ನೆ: ನನ್ನ ಮಗ ಮೊನ್ನೆ ಆಲ್ಬರ್ಟಾ ಹಂಟರ್ ಅನ್ನೋ ಅಮೆರಿಕದ ಅಜ್ಜಿಯ ಹಾಡು ಕೇಳಿಸಿದ. ಗಂಟಲು ಒರಟು, ಉಸಿರೂ ಸಾಲದು. ಈಕೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರಂತೆ, ನಿಜವಾ? ಆ ವಯಸ್ಸಲ್ಲಿ ಯಾಕೆ ಹಾಡಬೇಕಿತ್ತು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನರ್ಸ್ ಆಗಿದ್ದು ನಿಜ. ಆದರೆ ಮೊದಲು ಹಾಡುಗಾರ್ತಿ, ಆಮೇಲೆ ನರ್ಸ್, ಮತ್ತೆ ಹಾಡುಗಾರ್ತಿ.

ಹುಟ್ಟಿದ್ದು 1895ರಲ್ಲಿ, ಮೆಂಫಿಸ್‌ನಲ್ಲಿ. ಚಿಕ್ಕ ಹುಡುಗಿಯಾಗಿದ್ದಾಗಲೇ ಮನೆ ಬಿಟ್ಟು ಷಿಕಾಗೋಗೆ ಹೋದರು. ಅಲ್ಲಿ ಸಿಕ್ಕ ಕೆಲಸಕ್ಕೆ ವಾರಕ್ಕೆ 6 ಡಾಲರ್ ಸಂಬಳ, ಊಟ, ಮಲಗೋಕೆ ಜಾಗ. ಹಗಲು ಆಲೂಗಡ್ಡೆ ಸಿಪ್ಪೆ ತೆಗೆಯೋದು, ರಾತ್ರಿ ಹಾಡೋಕೆ ಅವಕಾಶ ಹುಡುಕೋದು. ಶುರುವಿನಲ್ಲಿ ಹಾಡಿದ ಜಾಗಗಳು ಮರ್ಯಾದಸ್ಥರು ಕಾಲಿಡುವಂಥವಲ್ಲ. ಕೊನೆಗೆ ಡ್ರೀಮ್‌ಲ್ಯಾಂಡ್ ಅನ್ನೋ ಕ್ಲಬ್ಬಿನಲ್ಲಿ ಜಾಝ್ ವಾದಕ ಕಿಂಗ್ ಆಲಿವರ್ ಬ್ಯಾಂಡಿನ ಜೊತೆ ಹಾಡುವಷ್ಟು ಹೆಸರು ಬಂತು.

‘ಡೌನ್‌ಹಾರ್ಟೆಡ್ ಬ್ಲೂಸ್’ ಹಾಡನ್ನು ಪಿಯಾನೋ ವಾದಕಿ ಲವೀ ಆಸ್ಟಿನ್ ಜೊತೆ ಸೇರಿ ಕಟ್ಟಿದ್ದು ಇವರೇ. 1922ರಲ್ಲಿ ತಾವೇ ಹಾಡಿ ಪ್ಲೇಟ್ ಮಾಡಿಸಿದರು. ಮರುವರ್ಷ ಗಾಯಕಿ ಬೆಸ್ಸಿ ಸ್ಮಿತ್ ತಮ್ಮ ಮೊದಲ ಪ್ಲೇಟಿಗೆ ಇದನ್ನೇ ಹಾಡಿದರು, ಲಕ್ಷಗಟ್ಟಲೆ ಪ್ಲೇಟು ಮಾರಾಟವಾಯಿತು. ಕಟ್ಟಿದವರ ಕೈಗೆ ಬಂದ ದುಡ್ಡು ಮಾತ್ರ ಪುಡಿಗಾಸು. ಆ ಕಾಲದ ಕಪ್ಪು ಕಲಾವಿದರಲ್ಲಿ ಎಷ್ಟೋ ಜನರ ಪಾಡು ಇದೇ.

1928ರಲ್ಲಿ ಲಂಡನ್ನಿಗೆ ಹೋಗಿ ಗಾಯಕ, ನಟ ಪಾಲ್ ರೋಬ್ಸನ್ ಜೊತೆ ‘ಷೋ ಬೋಟ್’ ನಾಟಕದಲ್ಲಿ ಹಾಡಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನಿಕರಿಗಾಗಿ ಊರೂರು ಸುತ್ತಿದರು. 1950ರ ದಶಕದಲ್ಲಿ ತಾಯಿ ತೀರಿಕೊಂಡ ಮೇಲೆ ಹಾಡೇ ಬೇಡ ಅನ್ನಿಸಿತು. ನರ್ಸಿಂಗ್ ಕಲಿಯೋಣ ಅಂದರೆ ಅರವತ್ತರ ಹೆಂಗಸಿಗೆ ಸೀಟು ಯಾರು ಕೊಡುತ್ತಾರೆ? ಸುಮ್ನೆ ವಯಸ್ಸಿನಲ್ಲಿ 12 ವರ್ಷ ಇಳಿಸಿಬಿಟ್ಟರು! ನನಗಂತೂ ಈ ಸುಳ್ಳು ತುಂಬ ಇಷ್ಟ.

ನ್ಯೂಯಾರ್ಕಿನ ಗೋಲ್ಡ್‌ವಾಟರ್ ಆಸ್ಪತ್ರೆಯಲ್ಲಿ ಸುಮಾರು ಇಪ್ಪತ್ತು ವರ್ಷ ದುಡಿದರು. 1961ರಲ್ಲಿ ಒಂದಿಷ್ಟು ರೆಕಾರ್ಡಿಂಗ್ ಮಾಡಿದ್ದುಂಟು, ಅದು ಬಿಟ್ಟರೆ ಹೆಚ್ಚೇನೂ ಹಾಡಲಿಲ್ಲ. 1977ರಲ್ಲಿ ‘ನಿಮಗೆ ಎಪ್ಪತ್ತಾಯಿತು’ ಅಂತ ಆಸ್ಪತ್ರೆಯವರು ನಿವೃತ್ತಿ ಮಾಡಿಸಿದರು. ನಿಜಕ್ಕೂ ಆಗಿದ್ದು ಎಂಬತ್ತೆರಡು. ಸುಮ್ಮನೆ ಕೂರುವ ಹೆಂಗಸಲ್ಲ. ಅದೇ ವರ್ಷ ಬಾರ್ನಿ ಜೋಸೆಫ್‌ಸನ್ ನಡೆಸುತ್ತಿದ್ದ ‘ಕುಕರಿ’ ಹೋಟೆಲಿನಲ್ಲಿ ಎರಡು ವಾರಕ್ಕೆಂದು ಹಾಡೋಕೆ ನಿಂತರು. ಅದು ವರ್ಷಗಟ್ಟಲೆ ನಡೆಯಿತು. ಕಿವಿಯಲ್ಲಿ ದೊಡ್ಡ ದೊಡ್ಡ ರಿಂಗು, ಮುಖದಲ್ಲಿ ತುಂಟತನ. ತೀರಿಕೊಂಡಿದ್ದು 1984ರಲ್ಲಿ.

ಇನ್ನು ಒರಟು ಗಂಟಲಿನ ವಿಷಯ. ಇವರು ಹಾಡಿದ್ದು ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನರಲ್ಲಿ ಹುಟ್ಟಿದ ಹಾಡಿನ ಬಗೆ. ಅದರಲ್ಲಿ ಸಾಮಾನ್ಯವಾಗಿ ಒಂದು ಸಾಲು ಹಾಡುತ್ತಾರೆ, ಅದನ್ನೇ ಮತ್ತೊಮ್ಮೆ ಹಾಡುತ್ತಾರೆ, ಮೂರನೇ ಸಾಲಲ್ಲಿ ಅದಕ್ಕೊಂದು ಜವಾಬು. ಮಾತು ಅದೇ ಆದ್ದರಿಂದ ಎರಡನೇ ಸಲ ಹೇಗೆ ಹೇಳುತ್ತಾರೆ ಅನ್ನೋದರಲ್ಲೇ ಹಾಡುಗಾರರ ಕಸುಬು ಗೊತ್ತಾಗೋದು. ಮುದುಕಿ ಆಲ್ಬರ್ಟಾ ತಾಳಕ್ಕಿಂತ ಒಂಚೂರು ಹಿಂದೆ ಉಳಿದು, ಒಂದು ಪದವನ್ನು ಜಗಿದು ಬಿಡುತ್ತಾರೆ ನೋಡಿ, ಅದು ಅವರ 1920ರ ದಶಕದ ತೆಳು ದನಿಯಲ್ಲಿ ನನಗೆ ಸಿಗೋದಿಲ್ಲ. ಉಸಿರು ಸಾಲದ ಕಡೆ ಹಾಡು ಬಿಟ್ಟು ಮಾತೇ ಆಡಿಬಿಡುತ್ತಾರೆ. ಆ ಜಾಗಗಳೇ ನನಗೆ ಜಾಸ್ತಿ ಇಷ್ಟ.

1980ರ ‘ಆಮ್‌ಟ್ರಾಕ್ ಬ್ಲೂಸ್’ ಆಲ್ಬಮ್ಮಿನಿಂದ ಶುರು ಮಾಡಿ. ಅದರಲ್ಲಿ ಮನೆಗೆಲಸಕ್ಕೆ ಬರೋ ಗಂಡಾಳು ಈಗ ಯಾವ ಕೆಲಸಕ್ಕೂ ಬಾರದವನಾದ ಅಂತ ದೂರುವ ಹಾಡೊಂದಿದೆ. ಅದು ಯಾವ ಕೆಲಸ ಅಂತ ಮಗನನ್ನ ಕೇಳೋಕೆ ಹೋಗಬೇಡಿ.