ಗುಡ್ಡದ ಮೇಲೆ ಜೋಡಿಸುವ 50,000 ಲೀಟರಿನ ಲೋಹದ ಟ್ಯಾಂಕ್: ಡಿಸೈನ್ ಹೇಗೆ?

ನಮಸ್ಕಾರ. ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಸಕಲೇಶಪುರದ ಕಡೆ ಕಾಫಿ ತೋಟ, ಗುಡ್ಡದ ಮೇಲೆ ಸುಮಾರು 50,000 ಲೀಟರಿನ ಟ್ಯಾಂಕ್ ಬೇಕು. ಜೀಪು ಬಿಟ್ಟರೆ ಬೇರೆ ಗಾಡಿ ಮೇಲೆ ಹತ್ತುವುದಿಲ್ಲ, ಅಲ್ಲಿ ಕರೆಂಟೂ ಇಲ್ಲ. ಹಾಸನದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ತುಂಡು ತುಂಡಾಗಿ ಮಾಡಿಸಿ, ತೋಟದ ಆಳುಗಳೇ ಬೋಲ್ಟ್ ಹಾಕಿ ಜೋಡಿಸಬೇಕು. ರೈಲ್ವೆ ಸ್ಟೇಷನ್ನಿನಲ್ಲಿ ನೋಡಿದ ಚೌಕ ಟ್ಯಾಂಕಿನ ಹಾಗೆ ಮಾಡಬಹುದಾ ಅಂತ ಕೇಳಿದ್ದೀರಿ.

ನಾನು ಪೀಣ್ಯದಲ್ಲಿ ಹದಿನೆಂಟು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಜಾಗಕ್ಕೆ ಚೌಕ ಬೇಡ, ದುಂಡಗಿನದು ಮಾಡಿಸಿ. ಯಾಕೆ ಅಂತ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ನೀವು ನೋಡಿದ್ದು ಒತ್ತಿದ ಉಕ್ಕಿನ ಪ್ಲೇಟುಗಳ ಟ್ಯಾಂಕ್. ಬ್ರೇತ್‌ವೇಟ್ ಟ್ಯಾಂಕ್ ಅಂತಲೂ ಕರೆಯುತ್ತಾರೆ. ನಮ್ಮ ದೇಶದಲ್ಲಿ ಇದಕ್ಕೆ ಐಎಸ್ 804 ಅನ್ನುವ ಸ್ಟ್ಯಾಂಡರ್ಡೇ ಇದೆ. ಸಾಮಾನ್ಯವಾಗಿ ಸಿಗುವ ಪ್ಲೇಟು 1.22 ಮೀಟರ್ ಚೌಕ, ಅಂದರೆ 4 ಅಡಿ. ನಾಲ್ಕೂ ಅಂಚು ಮಡಚಿ ಫ್ಲಾಂಜ್ ಮಾಡಿರುತ್ತಾರೆ, ಮಧ್ಯೆ ಲಕೋಟೆಯ ಹಿಂಬದಿಯ ಹಾಗೆ ಕರ್ಣರೇಖೆಗಳ ಉಬ್ಬು ಇರುತ್ತದೆ. ಆ ಉಬ್ಬು ಅಂದಕ್ಕಲ್ಲ, ಇಡೀ ಟ್ಯಾಂಕ್ ನಿಂತಿರುವುದೇ ಅದರ ಮೇಲೆ.

ನೀರಿನ ಆಳ 2.44 ಮೀಟರ್ ಅಂದುಕೊಳ್ಳಿ, ಅಂದರೆ ಎರಡು ಪ್ಲೇಟಿನ ಎತ್ತರ. ಮೇಲಿನ ಪ್ಲೇಟಿನ ಮೇಲೆ ನೀರು ತಳ್ಳುವ ಬಲ ಸುಮಾರು 900 ಕೆಜಿ. ಕೆಳಗಿನದರ ಮೇಲೆ ಅದರ ಮೂರರಷ್ಟು, 2,700 ಕೆಜಿ. ಈಗ ಕೆಳಗೆ 5 ಮಿ.ಮೀ. ದಪ್ಪದ ಸಪಾಟು ಪ್ಲೇಟು ಹಾಕಿದರೆ? ಸುತ್ತಲೂ ಗಟ್ಟಿಯಾಗಿ ಹಿಡಿದಿದ್ದರೂ, ಸರಳ ಲೆಕ್ಕದಲ್ಲಿ ಮಧ್ಯೆ ಹತ್ತಿರ ಹತ್ತಿರ 22 ಮಿ.ಮೀ. ಉಬ್ಬಬೇಕು. ಅಂಚಿನ ಒತ್ತಡ 330 ಮೆಗಾಪ್ಯಾಸ್ಕಲ್ ಆಗುತ್ತದೆ. ಮಾಮೂಲಿ ಉಕ್ಕು 250ಕ್ಕೇ ಸೋಲುತ್ತದೆ. ಅದಕ್ಕೇ ಉಬ್ಬು ಒತ್ತುತ್ತಾರೆ, ಒಳಗೆ ಎದುರು ಬದುರು ಗೋಡೆಗಳಿಗೆ ಸರಳು ಕಟ್ಟುತ್ತಾರೆ. ಈ ಉಬ್ಬು ಒತ್ತಲು ನೂರಾರು ಟನ್ನಿನ ಪ್ರೆಸ್ಸೂ ಅಚ್ಚೂ ಬೇಕು. ಕತ್ತರಿಸುವ, ಮಡಚುವ, ಸುರುಳಿ ಮಾಡುವ ಮಷಿನ್ ಇರುವ ವರ್ಕ್‌ಶಾಪಿನಲ್ಲಿ ಅದು ಆಗುವ ಕೆಲಸವಲ್ಲ. ಬದಲಿಗೆ ಕೋನಪಟ್ಟಿ (ಎಲ್ ಆಕಾರದ ಉಕ್ಕಿನ ಪಟ್ಟಿ) ವೆಲ್ಡ್ ಮಾಡಿ ಬಿಗಿ ಮಾಡಬಹುದು ಅನ್ನುತ್ತಾರೆ ಕೆಲವರು. ಮಾಡಬಹುದು, ಆದರೆ ಪ್ಲೇಟು ಸೊಟ್ಟಗಾಗುತ್ತದೆ. ಸೊಟ್ಟಗಾದ ಪ್ಲೇಟು ಗುಡ್ಡದ ಮೇಲೆ ಕೂರುವುದಿಲ್ಲ.

ಇನ್ನೊಂದು ಲೆಕ್ಕ ನೋಡಿ. ಉದ್ದಕ್ಕೆ 4, ಅಗಲಕ್ಕೆ 3, ಎತ್ತರಕ್ಕೆ 2 ಪ್ಲೇಟಿನ ಪೆಟ್ಟಿಗೆಯಲ್ಲಿ ಸುಮಾರು 43,500 ಲೀಟರ್ ಹಿಡಿಸುತ್ತದೆ. ಮುಚ್ಚಳ ಬಿಟ್ಟು 40 ಪ್ಲೇಟು. ಒಂದೊಂದೂ 70 ಕೆಜಿ. ಪ್ಲೇಟಿಗೆ ಪ್ಲೇಟು ಸೇರುವ ಜಾಗಗಳನ್ನು ಕೂಡಿಸಿದರೆ 73 ಅಂಚು, ಅಂದರೆ 89 ಮೀಟರ್ ಉದ್ದದ ಸಂದು. ಅಷ್ಟೂ ಉದ್ದಕ್ಕೆ ಗ್ಯಾಸ್ಕೆಟ್ ಕೂತು ನೀರು ನಿಲ್ಲಿಸಬೇಕು. ಅಂಚಿಗೆ 12ರಂತೆ ಸುಮಾರು 880 ಬೋಲ್ಟು. ನಾಲ್ಕು ಪ್ಲೇಟಿನ ಮೂಲೆಗಳು ಸೇರುವ ಕಡೆ ಒಂದು ಸೂಜಿಮೊನೆಯಷ್ಟು ಜಾಗ ಉಳಿದುಬಿಡುತ್ತದೆ. ಚೌಕ ಟ್ಯಾಂಕ್ ಸೋರಿದರೆ ನಾನು ಮೊದಲು ನೋಡುವುದು ಅಲ್ಲಿ.

ಚೌಕಕ್ಕೂ ಅದರದೇ ಜಾಗ ಇದೆ. ಆಸ್ಪತ್ರೆಯ ನೆಲಮಾಳಿಗೆ, ಬಿಲ್ಡಿಂಗಿನ ಟೆರೇಸು, ಎರಡು ಗೋಡೆಗಳ ನಡುವಿನ ಇಕ್ಕಟ್ಟು, ಇಂಥ ಕಡೆ ಅದಕ್ಕಿಂತ ಒಳ್ಳೆಯದು ಇಲ್ಲ. ಹಾಗೆ ಬೇಕಾದವರು ಪ್ಲೇಟುಗಳನ್ನು ತಯಾರಾಗಿಯೇ ಕೊಳ್ಳಬೇಕು. ಸುತ್ತಲೂ, ಕೆಳಗೂ ಒಂದೂವರೆ ಅಡಿಯಾದರೂ ಜಾಗ ಬಿಡಿ, ಪಾನ ಹಿಡಿದ ಕೈ ಅಲ್ಲಿಗೆ ಹೋಗಬೇಕಲ್ವಾ?

ಈಗ ದುಂಡಗಿನದಕ್ಕೆ ಬರೋಣ. ಚೌಕದ ಗೋಡೆ ನೀರಿಗೆ ಬಾಗಿ ಉತ್ತರ ಕೊಡುತ್ತದೆ. ದುಂಡಗಿನ ಗೋಡೆ ಬಾಗುವುದಿಲ್ಲ, ಪೀಪಾಯಿಯ ಪಟ್ಟಿಯ ಹಾಗೆ ಎಳೆದು ಹಿಡಿಯುತ್ತದೆ. ತಗಡು ಬಾಗಿಸುವುದು ಸುಲಭ, ಎಳೆದು ಹರಿಯುವುದು ಬಹಳ ಕಷ್ಟ. ವ್ಯತ್ಯಾಸ ಇರುವುದು ಇಲ್ಲೇ.

ಮಾರ್ಕೆಟ್ಟಿನಲ್ಲಿ ಸಿಗುವ 8 ಅಡಿ 4 ಅಡಿಯ, 3 ಮಿ.ಮೀ. ದಪ್ಪದ ಶೀಟು ತೆಗೆದುಕೊಳ್ಳಿ. ಕೆಳಗೆ 7 ಶೀಟಿನ ಒಂದು ಬಳೆ, ಅದರ ಮೇಲೆ 7 ಶೀಟಿನ ಇನ್ನೊಂದು. ನಿಂತ ಸಂದಿನಲ್ಲಿ ಒಂದು ಶೀಟು ಇನ್ನೊಂದರ ಮೇಲೆ 100 ಮಿ.ಮೀ. ಹಾಯಲಿ. ಆಗ ಸುತ್ತಳತೆ 16.4 ಮೀಟರ್, ವ್ಯಾಸ 5.2 ಮೀಟರ್. ಎರಡು ಬಳೆಗಳ ನಡುವೆ 60 ಮಿ.ಮೀ. ಹಾಯಿಸಿ, ಮೇಲೆ 150 ಮಿ.ಮೀ. ಖಾಲಿ ಬಿಟ್ಟರೆ 47,000 ಲೀಟರಿಗೂ ಸ್ವಲ್ಪ ಜಾಸ್ತಿ ನೀರು. ಶೀಟು 14, ಒಟ್ಟು ತೂಕ ಒಂದು ಟನ್ನಿಗೂ ಸ್ವಲ್ಪ ಕಡಿಮೆ. ಸಂದಿನ ಉದ್ದ ಸುಮಾರು 33 ಮೀಟರ್ ಅಷ್ಟೆ.

ತಳದಲ್ಲಿ ಗೋಡೆಯನ್ನು ಎಳೆಯುವ ಬಲ ಮೀಟರ್ ಎತ್ತರಕ್ಕೆ 57 ಕಿಲೋನ್ಯೂಟನ್, ಹೆಚ್ಚುಕಡಿಮೆ 5.8 ಟನ್. ಕೇಳಲು ದೊಡ್ಡದು. ಆದರೆ 3 ಮಿ.ಮೀ. ಶೀಟಿನಲ್ಲಿ ಇದರ ಒತ್ತಡ ಬರೀ 19 ಮೆಗಾಪ್ಯಾಸ್ಕಲ್! ಹಾಗಾದರೆ 1 ಮಿ.ಮೀ. ಸಾಕಲ್ವಾ ಅಂತ ನೀವು ಕೇಳುತ್ತೀರಿ. ಶೀಟಿಗೆ ಸಾಕು, ಬೋಲ್ಟಿನ ತೂತಿಗೆ ಸಾಲದು. ತೆಳು ಶೀಟಿನಲ್ಲಿ ಬೋಲ್ಟು ತೂತನ್ನು ಹಿಂಜಿ ಉದ್ದ ಮಾಡುತ್ತದೆ. ಖಾಲಿ ಇದ್ದಾಗ ಗಾಳಿಗೆ ಗೋಡೆ ಒಳಗೆ ಕುಸಿಯುತ್ತದೆ. ಹೊತ್ತು ಸಾಗಿಸುವಾಗ ಅಂಚು ಮುದುರುತ್ತದೆ. ಅದಕ್ಕೇ 3 ಮಿ.ಮೀ. ನಿಂತ ಸಂದಿಗೆ 12 ಮಿ.ಮೀ. ಬೋಲ್ಟು ಎರಡು ಸಾಲು, 75 ಮಿ.ಮೀ.ಗೆ ಒಂದು. ಆಗ ತಳದಲ್ಲಿ ಕೂಡ ಒಂದು ಬೋಲ್ಟಿನ ಪಾಲಿಗೆ ಸುಮಾರು 215 ಕೆಜಿ ಬರುತ್ತದೆ, ಅದು ಆ ಬೋಲ್ಟಿಗೆ ಏನೂ ಅಲ್ಲ. ಮೇಲಿನ ಅಂಚಿಗೆ 50 ಮಿ.ಮೀ. ಕೋನಪಟ್ಟಿಯನ್ನು ಬಳೆಯ ಹಾಗೆ ಬಾಗಿಸಿ ಹಾಕಿ. ಅದಿಲ್ಲದಿದ್ದರೆ ಖಾಲಿ ಟ್ಯಾಂಕ್ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ.

ನೀರು ನಿಲ್ಲಿಸುವ ಕೆಲಸವನ್ನು ಶೀಟಿಗೆ ಕೊಡಬೇಡಿ. ಒಳಗೆ ದಪ್ಪ ಲೈನರ್ (ನೀರು ಸೋರದ ಹಾಳೆ) ಹಾಕಿ, ಕುಡಿಯುವ ನೀರಿಗೆ ಆಗುವಂಥದ್ದು. ಶೀಟಿಗೂ ಲೈನರಿಗೂ ಮಧ್ಯೆ ಫೆಲ್ಟ್ ಬಟ್ಟೆ ಇರಲಿ, ಬೋಲ್ಟಿನ ಗುಂಡು ತಲೆ ಒಳಗಡೆಗೆ ಬರಲಿ. ಆಗ ಉಕ್ಕಿನ ತಳವೇ ಬೇಡ. ಸಂದಿನಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಸೋರುವುದಿಲ್ಲ. ಅನುಭವ ಇಲ್ಲದ ಕೈಗಳು ಜೋಡಿಸುವಾಗ ಇದು ದೊಡ್ಡ ನೆಮ್ಮದಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ. ಜೋಡಿಸುವುದು ಸುಲಭ ಆಗುವುದು ಗುಡ್ಡದ ಮೇಲಲ್ಲ, ವರ್ಕ್‌ಶಾಪಿನಲ್ಲಿ ತೂತು ಕೊರೆಯುವ ದಿನ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಟ್ಯಾಂಕ್ ಜೋಡಿಸಲು ಹೋಗಿದ್ದೆ. ಬೇಗ ಮುಗಿಯಲಿ ಅಂತ ಅರ್ಧ ಪ್ಲೇಟು ಒಂದು ಕಡೆ, ಅರ್ಧ ಇನ್ನೊಂದು ಕಡೆ ಕೊರೆಸಿದ್ದರು. ಎರಡೂ ಕಡೆ ಟೇಪು ಹಿಡಿದು ಗುರುತು ಹಾಕಿದ್ದಾರೆ. ಪ್ಲೇಟಿಗೆ 1 ಮಿ.ಮೀ. ವ್ಯತ್ಯಾಸ, ಅಷ್ಟೆ. ಕೊನೆಯ ಮೂಲೆಗೆ ಬರುವಾಗ ಅದು ಕೂಡುತ್ತಾ ಕೂಡುತ್ತಾ ಅರ್ಧ ತೂತೇ ಮುಚ್ಚಿಹೋಯಿತು. ಗ್ಯಾಸ್ ಕಟರಿನಿಂದ ತೂತು ದೊಡ್ಡದು ಮಾಡಿದರು. ಸುತ್ತಲಿನ ಸತುವಿನ ಲೇಪ ಸುಟ್ಟುಹೋಯಿತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಸಾಲಿನುದ್ದಕ್ಕೂ ತುಕ್ಕು ಇಳಿದಿತ್ತು. ಅದನ್ನು ನೋಡಿದ ದಿನದಿಂದ ನಾನು ಟೇಪು ಹಿಡಿದು ತೂತು ಗುರುತು ಹಾಕಲು ಯಾರಿಗೂ ಬಿಡುವುದಿಲ್ಲ.

ಹಾಗಾಗಿ ಮೊದಲು ಒಂದು ಜಿಗ್, ಅಂದರೆ ತೂತಿನ ಜಾಗ ತೋರಿಸುವ ಅಚ್ಚು ಮಾಡಿಸಿ. 8 ಮಿ.ಮೀ. ಪ್ಲೇಟಿನಲ್ಲಿ ಎಲ್ಲ ತೂತು ಸರಿಯಾಗಿ ಕೊರೆದು, ಗಟ್ಟಿ ಬುಷ್ (ಡ್ರಿಲ್ ಆಚೀಚೆ ಸರಿಯದಂತೆ ಹಿಡಿಯುವ ಉಕ್ಕಿನ ಕೊಳವೆ) ಕೂರಿಸಿದ, ಬಳೆಗೆ ಒಂದೇ ಒಂದು ಜಿಗ್. ಒಂದು ಬಳೆಯ 7 ಶೀಟಿಗೂ ಅದೇ. ಶೀಟು ಸಪಾಟಾಗಿರುವಾಗಲೇ ಕೊರೆಯಿರಿ, ಆಮೇಲೆ ರೋಲ್ ಮಾಡಿಸಿ. 12 ಮಿ.ಮೀ. ಬೋಲ್ಟಿಗೆ 14 ಮಿ.ಮೀ. ತೂತು. ಗ್ಯಾಲ್ವನೈಸ್ ಆದ, ಅಂದರೆ ಸತುವಿನ ಲೇಪ ಬಿದ್ದ ಮೇಲೆ ತೂತು ಸ್ವಲ್ಪ ಕಿರಿದಾಗುತ್ತದೆ ಅನ್ನುವುದೂ ಇದರಲ್ಲಿ ಸೇರಿದೆ. ಪ್ರತಿ ಶೀಟಿನ ಎಡ ಅಂಚು ಒಳಗೆ, ಬಲ ಅಂಚು ಹೊರಗೆ ಬರಲಿ. ಆಗ ಒಂದು ಬಳೆಯ ಎಲ್ಲ ಶೀಟೂ ಒಂದೇ ಥರ, ಆ ಬಳೆಯಲ್ಲಿ ಯಾವುದನ್ನು ಎಲ್ಲಿ ಬೇಕಾದರೂ ಹಾಕಬಹುದು.

ಇಲ್ಲೊಂದು ಸೂಕ್ಷ್ಮ ಇದೆ, ಅನೇಕರು ಇಲ್ಲೇ ಎಡವುತ್ತಾರೆ. ಮೇಲಿನ ಬಳೆ ಕೆಳಗಿನ ಬಳೆಯ ಹೊರಗೆ ಕೂರುತ್ತದೆ, ಹೆಂಚು ಹೊದಿಸಿದ ಹಾಗೆ, ಮಳೆನೀರು ಸಂದಿಗೆ ಇಳಿಯದಿರಲಿ ಅಂತ. ಆದರೆ ಹೊರಗೆ ಕೂತ ಬಳೆಯ ತ್ರಿಜ್ಯ 3 ಮಿ.ಮೀ. ಹೆಚ್ಚು. ಸುತ್ತಳತೆಯಲ್ಲಿ ಅದು 19 ಮಿ.ಮೀ. ಆಗುತ್ತದೆ, ಶೀಟಿಗೆ 2.7. ಎರಡೂ ಬಳೆಗೆ ಒಂದೇ ಅಳತೆಯ ತೂತು ಕೊರೆದಿದ್ದರೆ ಅಡ್ಡ ಸಂದಿನ ತುದಿಯ ಬೋಲ್ಟುಗಳು ಹೋಗುವುದಿಲ್ಲ. ಪರಿಹಾರ ಸುಲಭ. ಮೇಲಿನ ಬಳೆಯ ಶೀಟಿನಲ್ಲಿ ಎಡ ಅಂಚಿನ ನಿಂತ ಸಾಲಿಗೂ ಬಲ ಅಂಚಿನ ನಿಂತ ಸಾಲಿಗೂ ನಡುವಿನ ಅಂತರ ಆ 2.7 ಮಿ.ಮೀ.ನಷ್ಟು ಹೆಚ್ಚಿರಲಿ. ಅಡ್ಡ ಸಂದಿನ ಸಾಲನ್ನು ಮೇಲಿನ ಶೀಟಿನಲ್ಲಿ 14ಕ್ಕೆ 18ರ ಅಡ್ಡ ಸೀಳಾಗಿ ಮಾಡಿಸಿ. ಎಳೆಯುವ ಬಲವೆಲ್ಲ ನಿಂತ ಸಂದಿನಲ್ಲಿ ಹೋಗುವುದರಿಂದ ಇಲ್ಲಿ ಸೀಳು ಇದ್ದರೆ ತೊಂದರೆ ಇಲ್ಲ. ನಿಂತ ಸಂದಿನಲ್ಲಿ ಮಾತ್ರ ಸೀಳು ಬೇಡವೇ ಬೇಡ.

ಪೈಪಿನ ತೂತುಗಳೆಲ್ಲ ಒಂದೇ ಶೀಟಿನಲ್ಲಿ ಬರಲಿ. ತುಂಬಿ ಚೆಲ್ಲುವ ನೀರಿನ (ಓವರ್‌ಫ್ಲೋ) ಪೈಪು ಒಳಬರುವ ಪೈಪಿಗಿಂತ ದಪ್ಪ ಇರಲಿ, 63 ಮಿ.ಮೀ.ಗೆ 90 ಸರಿ. ಎರಡು ಫ್ಲಾಂಜಿನ ಮಧ್ಯೆ ಲೈನರ್ ಹಿಡಿಸಿ ಬಿಗಿಯಿರಿ. ಇಡೀ ಟ್ಯಾಂಕಿಗೆ ಒಂದೇ ಅಳತೆಯ ಬೋಲ್ಟು, ಒಂದೇ ಪಾನ.

ಗ್ಯಾಲ್ವನೈಸಿಂಗ್ ಮಾಡಿಸುವುದು ಶೀಟು ಕೊರೆದು, ರೋಲ್ ಮಾಡಿ, ವರ್ಕ್‌ಶಾಪಿನ ಅಂಗಳದಲ್ಲಿ ಒಂದು ಬಳೆ ಪೂರ್ತಿ ಜೋಡಿಸಿ ನೋಡಿದ ಮೇಲೆ. ಅದಕ್ಕಿಂತ ಮುಂಚೆ ಬೇಡ. ಆಮೇಲೆ ತೋಟದಲ್ಲಿ ಒಂದು ತೂತೂ ಕೊರೆಯಬಾರದು. ಬೋಲ್ಟುಗಳೂ ಬಿಸಿ ಸತುವಿನಲ್ಲಿ ಅದ್ದಿದವೇ ಆಗಿರಲಿ. ಇನ್ನೊಂದು ಮಾತು, ಮೈಲುತುತ್ತದ ಬೋರ್ಡೋ ದ್ರಾವಣವನ್ನು ಈ ಟ್ಯಾಂಕಿನ ಹತ್ತಿರ ಕಲಸಬೇಡಿ. ಅದರ ತಾಮ್ರ ಸತುವಿನ ಮೇಲೆ ಕೂತು ಲೇಪವನ್ನು ತಿನ್ನುತ್ತದೆ, ಅಂಚಿನಿಂದ ಚೆಲ್ಲಿದರೂ ಸಾಕು. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರಿಗೆ ಇದೇ ನೀರು ಸಾಕಾಗುತ್ತದೆ ಅಂತಲೂ ಅಂದುಕೊಳ್ಳಬೇಡಿ. ಒಂದು ಎಕರೆಗೆ ಒಂದು ಇಂಚು ಹಾಯಿಸಲು ಒಂದು ಲಕ್ಷ ಲೀಟರ್ ಬೇಕು. ಕೆಲಸದವರ ಲೈನು ಮನೆಗಳಿಗೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗಿಗೆ ಆದರೆ ಈ ಟ್ಯಾಂಕ್ ಒಳ್ಳೆಯ ಅಳತೆ.

ಪಾಯದ ಬಗ್ಗೆ ದಯವಿಟ್ಟು ಅವಸರ ಮಾಡಬೇಡಿ. ಗುಡ್ಡದಲ್ಲಿ ಸಮತಟ್ಟು ಮಾಡುವಾಗ ಒಂದು ಕಡೆ ಕಡಿದು ಇನ್ನೊಂದು ಕಡೆ ತುಂಬುವುದು ರೂಢಿ. ಟ್ಯಾಂಕ್ ಪೂರ್ತಿಯಾಗಿ ಕಡಿದ ಗಟ್ಟಿ ನೆಲದ ಮೇಲೇ ಕೂರಬೇಕು. ತುಂಬಿದ ಮಣ್ಣಿನ ಮೇಲೆ ಒಂದು ಅಡಿಯೂ ಬರಬಾರದು. ನೀರಿನ ಭಾರ ಚದರ ಮೀಟರಿಗೆ 2.2 ಟನ್ ಅಷ್ಟೆ, ಗಟ್ಟಿ ನೆಲಕ್ಕೆ ಅದು ಹೆಚ್ಚಲ್ಲ. ಆದರೆ ಒಂದು ಕಡೆ ಮಾತ್ರ ಇಳಿದರೆ ಬಳೆ ತಿರುಚಿಕೊಳ್ಳುತ್ತದೆ. ಗೋಡೆಯ ಕೆಳಗೆ ಸುತ್ತಲೂ ಕಾಂಕ್ರೀಟ್ ಪಟ್ಟಿ ಹಾಕಿ, ಲೆವೆಲ್ ಟ್ಯೂಬಿನಲ್ಲಿ ನೋಡಿ. ಸುತ್ತಿನಲ್ಲಿ ಎಲ್ಲಿ ಅಳೆದರೂ ವ್ಯತ್ಯಾಸ 5 ಮಿ.ಮೀ. ಒಳಗೆ ಇರಬೇಕು, ನಾನು ಇಟ್ಟುಕೊಂಡಿರುವ ಮಿತಿ ಅದು. ಒಳಗೆ ಜರಡಿ ಹಿಡಿದ ಮರಳು ಎರಡು ಇಂಚು. ಮೇಲಿನ ಗುಡ್ಡದ ಮಳೆನೀರು ಟ್ಯಾಂಕಿನ ಬುಡಕ್ಕೆ ಬಾರದ ಹಾಗೆ ಸುತ್ತ ಚರಂಡಿ ತೋಡಿ, ಇಲ್ಲದಿದ್ದರೆ ಒಂದು ಜುಲೈ ಸಾಕು ಆ ಮರಳನ್ನು ಕೊಚ್ಚಿಕೊಂಡು ಹೋಗಲು.

ಮತ್ತೆ, ಲೈನು ಮನೆಗಳ ನೇರ ಮೇಲೆ ಈ ಟ್ಯಾಂಕ್ ಬೇಡ. 47 ಟನ್ ನೀರು ಅದು. ಜನ ಮಲಗುವ ಜಾಗದ ಮೇಲುಗಡೆ ಅಷ್ಟು ನೀರು ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ. ಪಕ್ಕಕ್ಕೆ ಸರಿಸಿ, ಪೈಪು ನಾಲ್ಕು ಉದ್ದ ಜಾಸ್ತಿ ಹೋದರೂ ಪರವಾಗಿಲ್ಲ. ಜಾಗ ಮತ್ತು ನನ್ನ ಈ ಲೆಕ್ಕ ಎರಡನ್ನೂ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸಿಯೇ ಮುಂದುವರಿಯಿರಿ.

ಜೋಡಿಸುವಾಗ ಕೆಳಗಿನ ಬಳೆಯ ಬೋಲ್ಟುಗಳನ್ನೆಲ್ಲ ಸಡಿಲವಾಗಿ ಹಾಕಿ, ಬಳೆ ಪೂರ್ತಿ ಕೂಡಿದ ಮೇಲೆ ಬಿಗಿಯಿರಿ. ಮೊದಲೇ ಬಿಗಿದರೆ ಕೊನೆಯ ಶೀಟು ಕೂರುವುದಿಲ್ಲ. ಮೇಲಿನ ಬಳೆಯ ನಿಂತ ಸಂದು ಕೆಳಗಿನ ಶೀಟಿನ ನಡುವಿಗೆ ಬರಲಿ, ಇಟ್ಟಿಗೆ ಕಟ್ಟುವ ಹಾಗೆ. ಐದಾರು ಜನ ಇದ್ದರೆ ಎರಡು ದಿನದ ಕೆಲಸ. ನೀರು ಒಂದೇ ಸಲ ತುಂಬಬೇಡಿ. ಅರ್ಧ ತುಂಬಿ ಒಂದು ದಿನ ಬಿಡಿ, ಪಟ್ಟಿಯ ಲೆವೆಲ್ ಮತ್ತೆ ನೋಡಿ, ಆಮೇಲೆ ಪೂರ್ತಿ ತುಂಬಿ. ಮೇಲೆ ಮುಚ್ಚಳ, ಗಾಳಿಕಿಂಡಿಗೆ ಸೊಳ್ಳೆ ಜಾಲರಿ.

ಶೀಟು ಆರ್ಡರ್ ಮಾಡುವ ಮುಂಚೆ ಒಂದು ಕೆಲಸ ಮಾಡಿ. 8 ಅಡಿ 4 ಅಡಿಯ ಒಂದು ಪ್ಲೈವುಡ್ ಹಲಗೆಯನ್ನು ಜೀಪಿಗೆ ಕಟ್ಟಿ ಮೇಲಿನವರೆಗೆ ಒಯ್ದು ನೋಡಿ. ರೋಲ್ ಮಾಡಿದ ಶೀಟು ಮಧ್ಯೆ ಒಂದು ಅಡಿ ಉಬ್ಬಿರುತ್ತದೆ, ಅದಕ್ಕೂ ಜಾಗ ಲೆಕ್ಕ ಹಿಡಿಯಿರಿ. ಯಾವುದಾದರೂ ತಿರುವಿನಲ್ಲಿ ಹಲಗೆ ಸಿಕ್ಕಿಕೊಂಡರೆ ಅಲ್ಲಿಯ ಅಗಲ ಅಳೆದು ಇಲ್ಲೇ ಬರೆಯಿರಿ. 6 ಅಡಿ ಉದ್ದದ ಶೀಟಿಗೆ ಇದೇ ಲೆಕ್ಕವನ್ನು ಮತ್ತೆ ಹಾಕಿಕೊಡುತ್ತೇನೆ.